ಮೋರಿ ನೋಡಿದೆಯಾ?

ಮೂರು ವರ್ಷ ಒಂದು ಕಣಿವೆಯನ್ನು ನಾನು ಕಂಪ್ಯೂಟರ್ ಪರದೆಯ ಮೇಲಷ್ಟೇ ನೋಡಿದ್ದೆ. ಇಟಲಿಯ ಈಶಾನ್ಯ ಮೂಲೆಯಲ್ಲಿ ಆಸ್ಟ್ರಿಯಾದ ಗಡಿಗೆ ಅಂಟಿಕೊಂಡಿರುವ ವಾಲ್ ಕನಾಲೆ ಅದು. 2003ರ ಆಗಸ್ಟ್ 29ರಂದು ಕೆಲವೇ ಗಂಟೆ ಸುರಿದ ಮಳೆಗೆ ಅಲ್ಲಿನ ಗುಡ್ಡಗಳು ಕಲ್ಲು, ಮಣ್ಣು, ಬುಡಸಮೇತ ಕಿತ್ತ ಮರಗಳನ್ನೆಲ್ಲ ಕೆಳಗಿನ ಊರುಗಳ ಮೇಲೆ ತಂದು ಸುರಿದಿದ್ದವು. ನನ್ನ ಪಿಎಚ್‌ಡಿ ಇಂಥ ಕಲ್ಲುಮಣ್ಣಿನ ಪ್ರವಾಹಗಳ ಬಗ್ಗೆ. ಯಾವ ಹಳ್ಳದ ಇಳಿಜಾರು ಎಷ್ಟು ಎಂಬುದು ನನಗೆ ಬಾಯಿಪಾಠ. ಆದರೆ ಒಂದು ದಿನವೂ ಅಲ್ಲಿ ಕಾಲಿಟ್ಟಿರಲಿಲ್ಲ. ನಾನಿರುವ ಗ್ರಾಝ್‌ನಿಂದ ಅದು ಅರ್ಧ ದಿನದ ದಾರಿ. ಯಾಕೆ ಹೋಗಿಲ್ಲ ಎಂದು ಯಾರಾದರೂ ಕೇಳಿದರೆ ಪುರುಸೊತ್ತಿಲ್ಲ ಅನ್ನುತ್ತಿದ್ದೆ.

ಕಳೆದ ಸೆಪ್ಟೆಂಬರಿನಲ್ಲಿ ಆ ನೆಪವೂ ಕೈಕೊಟ್ಟಿತು. ಗೈಡ್ ನನ್ನ ಮೂರನೇ ಅಧ್ಯಾಯವನ್ನು ವಾಪಸ್ ಕಳಿಸಿದ್ದರು. ನನ್ನ ಲೆಕ್ಕದ ಪ್ರಕಾರ ನದಿ ಸೇರಬೇಕಿದ್ದ ಕಲ್ಲು, ನಿಜದಲ್ಲಿ ಎಷ್ಟೋ ಮೇಲೆಯೇ ನಿಂತುಬಿಟ್ಟಿತ್ತು. ಫೆಲೋಶಿಪ್ ಮುಗಿಯಲು ನಾಲ್ಕು ತಿಂಗಳಿತ್ತು. ಊರಿಗೆ ಫೋನ್ ಮಾಡಿದಾಗಲೆಲ್ಲ "ಎಲ್ಲಾ ಚೆನ್ನಾಗಿದೆ" ಅನ್ನುತ್ತಿದ್ದೆ. ಒಂದು ಶನಿವಾರ ಕೋಣೆಯಲ್ಲಿ ಕೂರಲಾಗದೆ, ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದ ರೋಡ್ ಸೈಕಲ್ಲನ್ನು ರೈಲಿಗೆ ಹತ್ತಿಸಿ, ವಿಲ್ಲಾಖ್‌ನಲ್ಲಿ ಗಾಡಿ ಬದಲಿಸಿ ತಾರ್ವಿಸಿಯೋದಲ್ಲಿ ಇಳಿದೆ. ಬೆಳಗಿನ ಚಳಿಗೆ ಬ್ರೇಕ್ ಹಿಡಿದ ಬೆರಳುಗಳು ನನ್ನವೇ ಅಲ್ಲ ಅನ್ನಿಸುತ್ತಿತ್ತು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಆಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಗ್ರಾಡೋವರೆಗೆ ಆಲ್ಪೆ ಆಡ್ರಿಯಾ ಎಂಬ ಸೈಕಲ್ ಹಾದಿಯಿದೆ. ನಾನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅದರಲ್ಲಿ ತಾರ್ವಿಸಿಯೋದಿಂದ ಇಳಿಯುವ ಭಾಗದ ಬಹುಪಾಲು ಹಳೆಯ ರೈಲುಮಾರ್ಗದ ಮೇಲೆಯೇ ಇದೆ. ಉದಿನೆ ಮತ್ತು ತಾರ್ವಿಸಿಯೋ ನಡುವಿನ ಪೊಂಟೆಬ್ಬಾನಾ ಲೈನು 1879ರಲ್ಲಿ ಪೂರ್ಣಗೊಂಡಿತು. ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದ ಮೇಲೆ, ಗುಡ್ಡದೊಳಗೆ ಉದ್ದುದ್ದ ಸುರಂಗಗಳಲ್ಲಿ ಹೊಸ ಜೋಡಿಮಾರ್ಗ ಬಂತು. 2000ದ ಹೊತ್ತಿಗೆ ಹಳೆಯ ಹಳಿಗಳ ಮೇಲೆ ಓಡಾಟ ನಿಂತಿತು. ಈಗ ಅಲ್ಲಿ ಹಳಿಯೂ ಇಲ್ಲ, ಜಲ್ಲಿಯೂ ಇಲ್ಲ, ಸಣ್ಣ ಟೈರು ಸಲೀಸಾಗಿ ಉರುಳುವ ಡಾಂಬರಿದೆ.

ರೈಲಿಗೆ ಕಡಿದಾದ ಏರು ಹತ್ತಲಾಗದು, ಗಕ್ಕನೆ ತಿರುಗಲೂ ಆಗದು. ಹಾಗಾಗಿ ರೈಲಿಗೆಂದು ಕಡಿದ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ತಾರ್ವಿಸಿಯೋದಿಂದ ಸ್ವಲ್ಪ ಏರಿದರೆ ಕಾಂಪೊರೊಸ್ಸೊ ದಿಬ್ಬ, ಎತ್ತರ 816 ಮೀಟರ್. ಅಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದರೆ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ, ಪಶ್ಚಿಮಕ್ಕೆ ಹರಿದರೆ ಫೆಲ್ಲಾ ನದಿ ಸೇರಿ ಆಡ್ರಿಯಾಟಿಕ್‌ಗೆ. ನಮ್ಮ ಸಕಲೇಶಪುರದ ಕಡೆಯೂ ಇದೇ ಕತೆ. ಒಂದು ಹನಿ ಹೇಮಾವತಿಗೆ, ಪಕ್ಕದ ಹನಿ ಕುಮಾರಧಾರೆಗೆ. ದಿಬ್ಬ ದಾಟಿದ ಮೇಲೆ ಪೆಡಲ್ ತುಳಿಯುವ ಕೆಲಸವೇ ಕಡಿಮೆ.

ಬೆಂಗಳೂರಿನಲ್ಲಿ ಎಂಎಸ್ಸಿ ಓದುವಾಗ ಸೈಕಲ್ ಇಟ್ಟುಕೊಂಡಿದ್ದೆ. ಆಗ ಕಿವಿ ಸದಾ ಬೆನ್ನ ಹಿಂದೆಯೇ ಇರುತ್ತಿತ್ತು. ಯಾವ ಬಸ್ಸು, ಯಾವ ಟೆಂಪೋ, ಎಷ್ಟು ಹತ್ತಿರ ಎಂಬ ಲೆಕ್ಕ. ಇಲ್ಲಿ ಮೊದಲ ಅರ್ಧ ಗಂಟೆಯೂ ಅದೇ ಅಭ್ಯಾಸದಲ್ಲಿ ತಿರುತಿರುಗಿ ನೋಡುತ್ತಿದ್ದೆ. ಹಿಂದೆ ಯಾರೂ ಇರಲಿಲ್ಲ. ನಿಧಾನಕ್ಕೆ ಕಿವಿ ಸಡಿಲವಾಯಿತು. ಹಿಂಬದಿ ಚಕ್ರದ ಟಿಕ್ ಟಿಕ್, ಕೆಳಗೆಲ್ಲೋ ನೀರು, ದೂರದಲ್ಲಿ ಹಸುವಿನ ಕೊರಳ ಗಂಟೆ. ಪೂರ್ತಿ ನಿಶ್ಶಬ್ದ ಅಂದರೆ ಸುಳ್ಳಾದೀತು. ಎತ್ತರದ ಕಂಬಗಳ ಮೇಲೆ ಹೆದ್ದಾರಿಯೊಂದು ಇದೇ ಕಣಿವೆಯಲ್ಲಿ ಹಾದುಹೋಗುತ್ತದೆ, ಗಾಳಿ ಬೀಸಿದಾಗ ಅದರ ಸದ್ದು ಕೇಳುತ್ತದೆ. ಆದರೆ ಆ ಗಡಿಬಿಡಿಗೂ ನನಗೂ ಸಂಬಂಧವಿರಲಿಲ್ಲ.

ಉಗೊವಿಝ್ಝಾ, ಮಾಲ್ಬೋರ್ಗೆಟ್ಟೋ. ನನ್ನ ಫೈಲುಗಳ ಹೆಸರುಗಳೇ ಈಗ ಬೋರ್ಡುಗಳಾಗಿ ಎದುರಾಗುತ್ತಿದ್ದವು. ನಾನು ನೀಲಿ ಗೆರೆಯಾಗಿ ನೋಡಿದ್ದ ಹಳ್ಳದ ಪಕ್ಕದಲ್ಲೇ ಒಂದು ಮನೆ, ಕಿಟಕಿಯಲ್ಲಿ ಕೆಂಪು ಜೆರೇನಿಯಂ, ಅಂಗಳದಲ್ಲಿ ಒಣಹಾಕಿದ ಮಗುವಿನ ಬಟ್ಟೆ. ನಾಚಿಕೆಯಾಯಿತು. ಮೂರು ವರ್ಷ ಈ ಹಳ್ಳದಲ್ಲಿ ನಾನು ಸಾವಿರಾರು ಸಲ ಪ್ರವಾಹ ಹರಿಸಿದ್ದೆ, ಲೆಕ್ಕದಲ್ಲಿ.

ಪೊಂಟೆಬ್ಬಾದಲ್ಲಿ ಒಂದು ಚಿಕ್ಕ ಹೊಳೆಯಿದೆ. 1918ರವರೆಗೆ ಅದೇ ಗಡಿ. ಆಚೆ ಆಸ್ಟ್ರಿಯಾದ ಪೊಂಟಾಫೆಲ್, ಈಚೆ ಇಟಲಿಯ ಪೊಂಟೆಬ್ಬಾ. ಈಗ ಎರಡೂ ಒಂದೇ ಊರು. ಈ ಕಣಿವೆಯಲ್ಲಿ ಇಟಾಲಿಯನ್, ಜರ್ಮನ್, ಸ್ಲೊವೇನಿಯನ್, ಫ್ರಿಯುಲಿಯನ್ ಎಂದು ನಾಲ್ಕು ಭಾಷೆಗಳಿವೆ. ನೀರು ಕುಡಿಯಲು ನಿಂತಾಗ ಹಿರಿಯರೊಬ್ಬರು ನನ್ನ ಜೊತೆ ಜರ್ಮನ್‌ನಲ್ಲಿ ಶುರು ಮಾಡಿ ಇಟಾಲಿಯನ್‌ನಲ್ಲಿ ಮುಗಿಸಿದರು. ನನಗೆ ಅರ್ಧ ಅರ್ಥವಾಯಿತು. ಮುಂದೆ ಸುರಂಗಗಳಿವೆ, ಜಾಕೆಟ್ ಹಾಕಿಕೋ ಎಂಬುದು ಆ ಅರ್ಧ.

ಅವರು ಹೇಳಿದ್ದು ನಿಜ. ಬಿಸಿಲಿನಿಂದ ಒಮ್ಮೆಲೇ ತಣ್ಣನೆಯ ಕತ್ತಲು, ಮತ್ತೆ ಬಿಸಿಲು, ಕೆಳಗೆ ಬಿಳಿ ಕಲ್ಲುಗಳ ಮೇಲೆ ಹಸಿರುನೀಲಿ ಫೆಲ್ಲಾ. ಕಬ್ಬಿಣದ ಸೇತುವೆಯ ಮೇಲೆ ನಿಂತಾಗ ಅಪ್ಪ ನೆನಪಾದ. ಅಪ್ಪ ಗ್ಯಾಂಗ್‌ಮನ್. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟ್ ಸೆಕ್ಷನ್ನು: 55 ಕಿಲೋಮೀಟರ್, 57 ಸುರಂಗ, 109 ಸೇತುವೆ. ಈ ಸಂಖ್ಯೆಗಳನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. 1996ರಲ್ಲಿ ಅಲ್ಲಿನ ಮೀಟರ್‌ಗೇಜ್ ಮುಚ್ಚಿತು, ಮರುವರ್ಷ ನಾನು ಹುಟ್ಟಿದೆ. ಬ್ರಾಡ್‌ಗೇಜ್‌ನಲ್ಲಿ ಗೂಡ್ಸ್ ಓಡಿದ್ದು 2006ರಲ್ಲಿ. ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಖಾಲಿ ಹಳಿಗಳ ಮೇಲೆ ಚಾರಣ ಬರುತ್ತಿದ್ದರು. "ನಾವು ಸಂಬಳಕ್ಕೆ ನಡೆದ ದಾರೀಲಿ ಇವ್ರು ದುಡ್ಡು ಖರ್ಚು ಮಾಡ್ಕೊಂಡು ನಡೀತಾರೆ" ಎಂದು ಅಪ್ಪ ನಗುತ್ತಿದ್ದ.

ಕ್ಯೂಸಾಫೋರ್ಟೆಯ ಹಳೆಯ ಸ್ಟೇಷನ್ನು ಈಗ ಸೈಕಲ್ಲಿಗರ ಕೆಫೆ. ಪ್ಲಾಟ್‌ಫಾರ್ಮಿನ ಮೇಲೆಯೇ ಮೇಜು ಕುರ್ಚಿ. ಕಾಫಿ ಇಟ್ಟುಕೊಂಡು ವಿಡಿಯೊ ಕಾಲ್ ಮಾಡಿದೆ. ಊರಿನಲ್ಲಿ ಸಂಜೆ ನಾಲ್ಕು ದಾಟಿತ್ತು.

"ಎಲ್ಲಿದೀಯ ಮಗ?"

"ಸ್ಟೇಷನ್ನಲ್ಲಿ ಅಪ್ಪಾ. ಆದ್ರೆ ಇಲ್ಲಿಗೆ ರೈಲು ಬರಲ್ಲ."

ಫೋನ್ ತಿರುಗಿಸಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಹಳಿ ಪೂರಾ ಕಿತ್ತಾಕವ್ರೆ."

"ಹೂಂ."

"ಕಟ್ಟಡ ಚೆನ್ನಾಗಿ ಇಟ್ಕೊಂಡವ್ರೆ." ಮತ್ತೆ ಸ್ವಲ್ಪ ಮೌನ. "ಬರ್ತಾ ಮೋರಿ ನೋಡಿದೆಯಾ?"

ನೋಡಿರಲಿಲ್ಲ. ಬೆಟ್ಟ ನೋಡಿದ್ದೆ, ನದಿ ನೋಡಿದ್ದೆ, ಸೇತುವೆಯ ಮೇಲೆ ಸೆಲ್ಫಿ ತೆಗೆದಿದ್ದೆ.

"ಮಳೇಲಿ ರಾತ್ರಿ ಪೆಟ್ರೋಲಿಂಗ್ ಹೋದ್ರೆ ನಾವು ಮೊದಲು ಲೈಟ್ ಬಿಡ್ತಿದ್ದದ್ದೇ ಮೋರಿ ಬಾಯಿಗೆ. ಕಲ್ಲು ಸೊಪ್ಪು ಸೇರ್ಕೊಂಡು ಅದು ಕಟ್ಕೊಂಡ್ರೆ ಮುಗೀತು. ಆಮೇಲೆ ಗುಡ್ಡಾನ ಬೈದು ಏನು ಪ್ರಯೋಜ್ನ?"

ನಾನು ಕಪ್ಪು ಕೆಳಗಿಟ್ಟೆ. ನನ್ನ ಮಾಡೆಲ್‌ನಲ್ಲಿ ಮೋರಿಗಳಿದ್ದವು. ಆದರೆ ಎಲ್ಲವೂ ಸದಾ ತೆರೆದೇ ಇರುತ್ತವೆ ಎಂದು ಮೊದಲ ವರ್ಷವೇ ಬರೆದುಕೊಂಡು ಮರೆತುಬಿಟ್ಟಿದ್ದೆ. ಲೆಕ್ಕ ಸರಳವಾಗಲಿ ಎಂದು ಮಾಡಿಕೊಂಡ ಊಹೆ, ಮೂರು ವರ್ಷದಲ್ಲಿ ನಿಜವೇ ಆಗಿಬಿಟ್ಟಿತ್ತು.

ಆಗ ಏನಾಯಿತೋ, ಹೇಳಿಬಿಟ್ಟೆ. "ಅಪ್ಪಾ, ಜನವರಿಗೆ ನನ್ನ ದುಡ್ಡು ನಿಲ್ತದೆ. ಥೀಸಿಸ್ ಮುಗಿದಿಲ್ಲ. ಮುಗಿಯುತ್ತೋ ಇಲ್ವೋ ಗೊತ್ತಿಲ್ಲ. ಇಷ್ಟು ದಿನ ನಿಂಗೆ ಸುಳ್ಳು ಹೇಳ್ದೆ."

ಅಪ್ಪ ಕನ್ನಡಕ ತೆಗೆದ. "ತಿಂಗಳಿಗೆ ಎಷ್ಟು ಬೇಕಾಗ್ತದೆ ಅಲ್ಲಿ?"

ಆ ಮೊತ್ತ ಅವನ ಪಿಂಚಣಿಗಿಂತ ಎಷ್ಟೋ ಹೆಚ್ಚು. ಹೇಳಲು ಬಾಯಿ ಬರಲಿಲ್ಲ.

"ಸರಿ, ಬಿಡು. ಊಟ ಮಾಡಿದ್ಯಾ?" ಅಂದ.

ಅಲ್ಲಿಂದ ನನ್ನ ಸವಾರಿಯ ಚಂದವೆಲ್ಲ ಕೆಟ್ಟಿತು ಅನ್ನಬಹುದು. ಪ್ರತಿ ಹಳ್ಳಕ್ಕೂ ಇಳಿದೆ. ಸೈಕಲ್ಲನ್ನು ಕಟಕಟೆಗೆ ಒರಗಿಸಿ, ಹುಲ್ಲು ಹಿಡಿದು ಜಾರುತ್ತ ಹೋಗಿ ಹಳೆಯ ಕಲ್ಲುಕಮಾನುಗಳ ಬಾಯಿಗೆ ಇಣುಕಿದೆ. ಕೆಲವು ಸ್ವಚ್ಛವಾಗಿದ್ದವು. ಒಂದರಲ್ಲಿ ಅರ್ಧದವರೆಗೆ ಜಲ್ಲಿ ತುಂಬಿತ್ತು, ಅಡ್ಡಕ್ಕೆ ಸಿಕ್ಕಿಕೊಂಡ ಸ್ಪ್ರೂಸ್ ಮರದ ದಿಮ್ಮಿ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ಹನ್ನೊಂದು ಮೋರಿಗಳ ಫೋಟೊ ತೆಗೆದೆ.

ವೆಂಝೋನೆ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಫೆಲ್ಲಾ ಅಷ್ಟರಲ್ಲಿ ತಾಲ್ಯಮೆಂಟೋ ನದಿಯನ್ನು ಸೇರಿಯಾಗಿರುತ್ತದೆ. 1976ರ ಮೇ 6ರ ಭೂಕಂಪದಲ್ಲಿ ಈ ಊರು ಜಖಂಗೊಂಡಿತು, ಸೆಪ್ಟೆಂಬರಿನ ಕಂಪನಗಳಿಗೆ ಅದರ ಹಳೆಯ ಕೆಥೆಡ್ರಲ್ ಕುಸಿದುಬಿತ್ತು. ಜನ ಸಾವಿರಾರು ಕಲ್ಲುಗಳನ್ನು ಆರಿಸಿ, ಹರಡಿ, ಒಂದೊಂದರ ಜಾಗ ಪತ್ತೆಹಚ್ಚಿ ಮತ್ತೆ ಕಟ್ಟಿದರು. ಬಾಗಿಲು ಮತ್ತೆ ತೆರೆದದ್ದು 1995ರಲ್ಲಿ. ಗೋಡೆಯ ಮುಂದೆ ನಿಂತು ಹತ್ತೊಂಬತ್ತು ವರ್ಷ ಎಂದು ಲೆಕ್ಕ ಹಾಕಿದೆ. ಸಮಾಧಾನವೇನೂ ಆಗಲಿಲ್ಲ. ಅವರಿಗೆ ಜನವರಿಯ ಗಡುವಿರಲಿಲ್ಲವಲ್ಲ ಅನ್ನಿಸಿತು. ಆದರೂ ಕಲ್ಲನ್ನು ಕೈಯಲ್ಲಿ ಹಿಡಿದು ನೋಡದೆ ಅದರ ಜಾಗ ಯಾರಿಗೂ ಸಿಕ್ಕಿರಲಾರದು.

ರೈಲಿನಲ್ಲಿ ವಾಪಸ್ ಬರುವಾಗ ಹನ್ನೊಂದೂ ಫೋಟೊಗಳನ್ನು ಅಪ್ಪನಿಗೆ ಕಳಿಸಿದೆ. ಮರುದಿನ ಏಳುವಷ್ಟರಲ್ಲಿ ವಾಟ್ಸಾಪಿನಲ್ಲಿ ಹನ್ನೊಂದು ವಾಯ್ಸ್ ಮೆಸೇಜು. ಒಂದೊಂದು ಮೋರಿಗೂ ಒಂದೊಂದು. "ಐದನೇದು ನೋಡು ಮಗ, ಅದರ ಬಾಯಿ ಹಳ್ಳಕ್ಕೆ ನೇರ ಇಲ್ಲ, ಓರೆ ಅದೆ. ಮೊದಲು ಕಟ್ಕೊಳ್ಳೋದು ಅದೇ."

ನಾನು ಆರು ತಿಂಗಳ ವಿಸ್ತರಣೆ ಕೇಳಿ ಅರ್ಜಿ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮೂರನೇ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ, ಈ ಸಲ ಐದನೇ ಮೋರಿಯಿಂದ ಶುರು ಮಾಡಿ.