ಅದು ಅಂಟುರೋಗವಲ್ಲ

ನನ್ನದೇ ಒಂದು ತಪ್ಪನ್ನು ನಿಮ್ಮೊಂದಿಗೆ ಹೇಳಿಕೊಳ್ಳಬೇಕಾಗಿದೆ.

ನಾನು ಬಾಶೆಟ್ಟಿಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಮದ್ರಸದಲ್ಲಿ ಕಲಿತು ಬಿ.ಎ. ಕೂಡ ಮುಗಿಸಿದವಳು. ನನ್ನ ಒಬ್ಬ ವಿದ್ಯಾರ್ಥಿನಿಗೆ, ಒಂಬತ್ತು ವರ್ಷದ ಹುಡುಗಿಗೆ, ರಕ್ತದ ಕ್ಯಾನ್ಸರ್ ಬಂತು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಕೆಲವು ತಿಂಗಳ ನಂತರ ಅವಳು ತರಗತಿಗೆ ಮರಳಿದಾಗ ಉಳಿದ ತಾಯಂದಿರು, "ಆಪಾ, ನಮ್ಮ ಮಕ್ಕಳಿಗೂ ಹರಡಿದರೆ?" ಎಂದರು. ನಾನು ಅವಳ ಚಾಪೆಯನ್ನು ಬಾಗಿಲ ಬಳಿಗೆ ಸರಿಸಿದೆ. ಅವಳು ಒಂದು ಮಾತೂ ಆಡದೆ ನೀರಿನ ಬಾಟಲಿ ಎತ್ತಿಕೊಂಡು ಹೋಗಿ ಅಲ್ಲಿ ಕುಳಿತಳು.

ಮರುದಿನ ಅವಳ ತಾಯಿ ಬಂದರು. "ಡಾಕ್ಟರ್ ಹರಡುತ್ತದೆ ಎಂದದ್ದು ಅವಳ ಮೈಯೊಳಗೆ ಆಪಾ, ಬೇರೆ ಮಕ್ಕಳಿಗಲ್ಲ" ಎಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಆಮೇಲೆ ಕೇಳಿ, ಓದಿ ತಿಳಿದದ್ದು ಇದು.

ರಕ್ತಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಉತ್ತರಾಣಿ ಕಾಯಿ ಸೀರೆಯ ಅಂಚಿಗೆ ಅಂಟುವ ಹಾಗೆ, ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಬಲ್ಲವು. ಸೆಲೆಕ್ಟಿನ್ ಎಂಬ ಪ್ರೋಟೀನು ಓಡುವ ಕಣವನ್ನು ನಿಧಾನಗೊಳಿಸುತ್ತದೆ, ಇಂಟೆಗ್ರಿನ್ ಎಂಬುದು ಬಿಗಿಯಾಗಿ ನಿಲ್ಲಿಸುತ್ತದೆ. ಆಗ ಕಣ ಗೋಡೆಯಿಂದ ಹೊರಗೆ ನುಸುಳಿ ಸೋಂಕಿನೊಂದಿಗೆ ಹೋರಾಡುತ್ತದೆ. ನಮ್ಮನ್ನು ಕಾಯುವ ಈ ದಾರಿಯನ್ನೇ ಕ್ಯಾನ್ಸರ್ ಕಣಗಳೂ ಹಿಡಿಯುತ್ತವೆ. ಕೆಲವು ಮಜ್ಜೆಯಲ್ಲೇ ಅಂಟಿ ಕುಳಿತು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ. ಕೆಲವು ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೇರುತ್ತವೆ. ಇಂಟೆಗ್ರಿನ್‌ನ ನೆರವಿನಿಂದ ಅವು ರಕ್ತನಾಳದ ಹೊರಮೈಯನ್ನು ಹಿಡಿದು ಅಲ್ಲಿಗೆ ತೆವಳುವುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು.

"ರಕ್ತದ ರಿಪೋರ್ಟ್ ಚೆನ್ನಾಗಿದೆ, ಇನ್ನು ಬೆನ್ನಿಗೆ ಸೂಜಿ ಯಾಕೆ?" ಎಂದು ಆ ಮನೆಯ ಹಿರಿಯರು ಚಿಕಿತ್ಸೆ ನಿಲ್ಲಿಸಹೊರಟಿದ್ದರು. ತಾಯಿ ಒಪ್ಪಲಿಲ್ಲ. ಅವರೇ ಸರಿ. ಅಡಗಿ ಕುಳಿತ ಕಣಗಳಿಗಾಗಿಯೇ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಕ್ಯಾನ್ಸರ್‌ಗೆ ಎರಡು ಮೂರು ವರ್ಷ ಚಿಕಿತ್ಸೆ ಕೊಡುತ್ತಾರೆ. ಪೂರ್ತಿ ಪಡೆದ ಮಕ್ಕಳಲ್ಲಿ ಬಹಳಷ್ಟು ಮಂದಿ ಗುಣಮುಖರಾಗುತ್ತಾರೆ. ನಡುವೆ ಬಿಟ್ಟರೆ ಕಾಯಿಲೆ ಮರಳಬಹುದು.

ಸಹೋದರಿಯರೇ, ನಿಮ್ಮ ಬೀದಿಯಲ್ಲೂ ಇಂಥ ಮಗು ಇದ್ದರೆ ಲೋಟ ಬೇರೆ ಇಡಬೇಡಿ. ಅದರಿಂದ ನಮಗೆ ಅಪಾಯವಿಲ್ಲ. ಚಿಕಿತ್ಸೆಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ನಮ್ಮ ನೆಗಡಿ, ಜ್ವರಗಳಿಂದಲೇ ಆ ಮಗುವಿಗೆ ಅಪಾಯ.

ಈಗ ಅವಳ ಚಾಪೆ ಮುಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕದಲ್ಲಿದೆ. ಕೆಮ್ಮುವವರು ಬಾಗಿಲ ಬಳಿ ಕೂರುತ್ತಾರೆ. ಒಂದು ದಿನ ನಾನೂ ಅಲ್ಲೇ ಕುಳಿತು ಪಾಠ ಹೇಳಿದೆ.