ಬೆಳಕವಾಡಿಯ ಸೆನ್ಸಾರ್ ಮಂಡಳಿ

ನಮ್ಮ ಕಡೆ ಅಭಿಪ್ರಾಯಕ್ಕೆ ಬರ ಬಂದದ್ದೇ ಇಲ್ಲ. ಕಾವೇರಿ ಸೊರಗಿದ ವರ್ಷದಲ್ಲೂ ಬೆಳಕವಾಡಿಯ ಜಗಲಿಗಳ ಮೇಲೆ ಅದು ತುಂಬಿ ಹರಿಯುತ್ತದೆ. ಹಾಡಿನ ವಿಷಯಕ್ಕಂತೂ ಕೇಳಲೇಬೇಡಿ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ಊರಿನ ಹೆಸರನ್ನು ಅರಮನೆಯವರೆಗೂ ಒಯ್ದವರು. ಅದೇ ಸೀಮೆಯ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಕೂತರೆ ಬೆಳಗಾಗುವವರೆಗೂ ಕತೆ ನಿಲ್ಲದು. ಇಂಥ ಕಿವಿಗಳ ಊರಿಗೆ, ಮೈಸೂರಿನಲ್ಲಿ ಮಾಧ್ಯಮ ಓದುವ ನನ್ನ ಅಕ್ಕನ ಮಗ ತನ್ನ ಮೂರು ನಿಮಿಷದ ಮ್ಯೂಸಿಕ್ ವಿಡಿಯೊ ಹಿಡಿದುಕೊಂಡು ಬಂದ. ಪ್ರೇಕ್ಷಕರಿಗೆ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು, ಮತ್ತೆ ಎಡಿಟ್ ಮಾಡಿ ಒಪ್ಪಿಸಬೇಕಂತೆ.

ಮೂರೇ ನಿಮಿಷ ಯಾಕೆ? ಹಾಡಿಗೆ ಆ ಅಳತೆ ಕೊಟ್ಟದ್ದು ಗ್ರಾಮಫೋನು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದೇ ಹೆಚ್ಚುಕಡಿಮೆ ಅಷ್ಟು. ಗಂಟೆಗಟ್ಟಲೆ ರಾಗ ಬೆಳೆಸುವ ವಿದ್ವಾಂಸರೂ ಅದರೊಳಗೇ ಮಂಗಳ ಹಾಡಬೇಕಿತ್ತು. ಕತ್ತರಿ ಆಡಿಸುವ ಸಂಕಟ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ.

ಹುಡುಗನ ಗೆಳೆಯರು ಆಗಲೇ ನೋಡಿ ‘ಸೂಪರ್ ಮಚ್ಚಾ’ ಎಂದಿದ್ದರು. ಇಷ್ಟು ನಿರುಪಯುಕ್ತವಾದ ವಿಮರ್ಶೆ ಕನ್ನಡದಲ್ಲಿ ಇನ್ನೊಂದಿಲ್ಲ. ಮೆಚ್ಚಿದ್ದಕ್ಕೂ ಅದೇ, ನೋಡದೇ ಇದ್ದದ್ದಕ್ಕೂ ಅದೇ. ಅಜ್ಜಿಗೆ ತೋರಿಸಿದಾಗ ನಿಜವಾದ ಪರೀಕ್ಷೆ ಶುರುವಾಯಿತು.

ಹಾಡು ವಿರಹದ್ದು. ನಾಯಕ ಬಸ್‌ ಸ್ಟ್ಯಾಂಡಿನಲ್ಲಿ ಶೂನ್ಯ ದಿಟ್ಟಿಸುತ್ತಾನೆ. ಅಜ್ಜಿ ಕೇಳಿದ್ದು: ‘ಪಾಪ, ಹುಡ್ಗ ಹಸ್ಕೊಂಡವ್ನೆ, ಯಾರೂ ಉಣ್ಣಾಕ್ ಇಕ್ನಿಲ್ವಾ?’ ಹುಡುಗನಿಗೆ ಮುಖಭಂಗ. ಹಿಂದಕ್ಕೆ ಓಡಿಸಿ ನೋಡಿದರೆ, ಆ ಮುಖಕ್ಕೆ ಮುಂಚಿನ ಶಾಟಿನಲ್ಲಿ ಒಂದು ತಟ್ಟೆ ಮದ್ದೂರು ವಡೆ! ಲೋಕಲ್ ಸೊಗಡಿಗೆಂದು ಇಟ್ಟಿದ್ದನಂತೆ. ನೂರು ವರ್ಷದ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಮಾಡಿ ತೋರಿಸಿದ್ದೂ ಇದನ್ನೇ. ನಟನೊಬ್ಬನ ಒಂದೇ ಮುಖ. ಅದರ ಪಕ್ಕ ಸೂಪಿನ ಬಟ್ಟಲಿಟ್ಟರೆ ಹಸಿವು, ಶವಪೆಟ್ಟಿಗೆಯಿಟ್ಟರೆ ದುಃಖ. ಪಾಠದಲ್ಲಿ ಓದಿ ಅಂಕ ತೆಗೆದಿದ್ದ ಹುಡುಗ ಅಜ್ಜಿಯ ಬಾಯಲ್ಲಿ ಕೇಳಿದಾಗ ನಂಬಿದ. ವಡೆ ತೆಗೆದು, ದೂರ ಸಾಗುವ ಬಸ್ಸನ್ನು ಅಲ್ಲಿ ಕೂರಿಸಿದ. ಈ ಸಲ ಅಜ್ಜಿ, ‘ಯಾರ‍್ಲಾ ಹೋದೋರು?’ ಅಂದಳು. ಮುಖ ಅದೇ, ಒಂದು ಫ್ರೇಮೂ ಬದಲಾಗಿರಲಿಲ್ಲ.

ಮುಂದಿನದು ಡ್ರೋನ್ ಶಾಟ್. ಬಾಡಿಗೆಗೆ ತಂದ ಡ್ರೋನು ಕಬ್ಬಿನ ಗದ್ದೆಗಳ ಮೇಲೆ ನಿಧಾನವಾಗಿ ತೇಲುತ್ತದೆ. ಹುಡುಗನ ಪ್ರಕಾರ ಅದು ಒಂಟಿತನ. ಪಕ್ಕದ ಮನೆಯ ಗೌಡರ ಪ್ರಕಾರ ನಾಲೆಯ ಕೊನೇ ಭಾಗಕ್ಕೆ ನೀರು ಬಿಡದ ಸರ್ಕಾರದ ಅನ್ಯಾಯ. ಇಂಗ್ಲೆಂಡಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ಹೇಳಿದ್ದಾರೆ: ಮಾಡಿದವನು ತುಂಬಿಕೊಟ್ಟ ಅರ್ಥವನ್ನು ನೋಡುವವನು ಇದ್ದಹಾಗೇ ಒಪ್ಪಬಹುದು, ಚೌಕಾಸಿ ಮಾಡಿ ಒಪ್ಪಬಹುದು, ಪೂರಾ ತಿರಸ್ಕರಿಸಲೂಬಹುದು. ಗೌಡರು ಮೂರನ್ನೂ ಒಂದೇ ಬೀಡಿ ಮುಗಿಯುವುದರೊಳಗೆ ಮಾಡಿದರು.

ಗೌಡರಿಗೆ ನೀರು ಕಂಡರೆ ಕಾಣಲಿ, ತೊಂದರೆ ಅದಲ್ಲ. ಡ್ರೋನು ಹಾರಿದ ಮೇಲೆ ಎಲ್ಲರೂ ಒಂದಿಷ್ಟು ಅತ್ತಿತ್ತ ಹೊರಳುತ್ತಿದ್ದರು. ಕೇಳಿದರೆ, ಆಮೇಲೆ ಬರುವ ಚರಣ ಉದ್ದವಾಯಿತು ಎನ್ನುವರು. ಹುಡುಗ ಚರಣಕ್ಕೆ ಕತ್ತರಿ ಹಾಕಲು ಹೊರಟ. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್ ಇಂಥ ಕಡೆ ಎಚ್ಚರಿಸುತ್ತಾರೆ: ನೋವು ಮೊಣಕೈಯಲ್ಲಿ ಕಾಣಿಸಿಕೊಂಡರೂ ನರ ಹಿಸುಕಿರುವುದು ಭುಜದಲ್ಲಿ ಇರಬಹುದು. ಒಳ್ಳೆಯ ಕಟ್‌ಗೆ ಅವರು ಹಾಕಿರುವ ನೂರು ಅಂಕಗಳಲ್ಲಿ 51 ಭಾವಕ್ಕೆ, 23 ಕತೆಗೆ, 10 ಲಯಕ್ಕೆ. ಡ್ರೋನಿಗೆ ಈ ಮೂರರಲ್ಲಿ ಯಾವುದೂ ದಕ್ಕಿರಲಿಲ್ಲ, ಬಾಡಿಗೆ ಮಾತ್ರ ದಕ್ಕಿತ್ತು. ಅದನ್ನು ತೆಗೆದ ಮೇಲೆ ಚರಣ ಉದ್ದವೆಂದು ಯಾರೂ ದೂರಲಿಲ್ಲ. ಎಲ್ಲಿ ನೋಯುತ್ತಿದೆ ಎಂಬುದರಲ್ಲಿ ಪ್ರೇಕ್ಷಕ ಸುಳ್ಳಾಡುವುದಿಲ್ಲ. ಮದ್ದು ಹೇಳುವ ಕೆಲಸವನ್ನು ಮಾತ್ರ ಅವನಿಗೆ ಒಪ್ಪಿಸಬಾರದು.

ಹಾಗೆ ನೋಡಿದರೆ ಬಾಯಿಗಿಂತ ಮೈಯನ್ನು ಓದಬೇಕು. ಭರತನ ನಾಟ್ಯಶಾಸ್ತ್ರದಲ್ಲಿ ‘ಸಿದ್ಧಿ’ ಎಂದು ಒಂದು ಅಧ್ಯಾಯವೇ ಇದೆ. ಪ್ರಯೋಗ ಗೆದ್ದಿತೋ ಸೋತಿತೋ ತಿಳಿಯುವ ಬಗೆ ಅದರಲ್ಲಿದೆ. ಮುಗುಳ್ನಗೆ, ಗಹಗಹಿಕೆ, ‘ಸಾಧು’ ‘ಅಹೋ’ ಎಂಬ ಉದ್ಗಾರ, ರೋಮಾಂಚ, ಕೂತಲ್ಲಿಂದ ಎದ್ದುಬಿಡುವುದು, ಇವೆಲ್ಲ ಮಾನುಷೀ ಸಿದ್ಧಿ. ಸಭೆ ಕಿಕ್ಕಿರಿದಿದ್ದೂ ಸದ್ದಿಲ್ಲ, ಗದ್ದಲವಿಲ್ಲ ಎಂದರೆ ಅದು ದೈವೀ ಸಿದ್ಧಿ. ನೀಲಗಾರರು ಈ ಶಾಸ್ತ್ರವನ್ನು ಪುಸ್ತಕದಲ್ಲಿ ಓದಬೇಕಿಲ್ಲ. ನಡುರಾತ್ರಿ ಎದುರಿನವರು ತೂಕಡಿಸುವುದು ಕಂಡರೆ ಸಾಕು, ಪದ ತಾನೇ ದಾರಿ ಬದಲಿಸುತ್ತದೆ. ನಮ್ಮ ಹುಡುಗನಿಗೂ ಹೇಳಿದೆ: ಪ್ರಶ್ನಾವಳಿ ಹಂಚುವುದು ಆಮೇಲಿರಲಿ, ವಿಡಿಯೊ ಓಡುವಾಗ ಪರದೆಗೆ ಬೆನ್ನು ಮಾಡಿ ಕೂತು ನೋಡುವವರನ್ನು ನೋಡು. ಯಾರ ಕೈ ಯಾವ ಗಳಿಗೆಯಲ್ಲಿ ಮೊಬೈಲಿನತ್ತ ಹೋಯಿತೋ ಅಲ್ಲಿ ಗುರುತು ಹಾಕು.

ಇಷ್ಟಾಗಿಯೂ ಒಂದು ಶಾಟಿನ ಬಗ್ಗೆ ಅವನು ಯಾರ ಮಾತೂ ಕೇಳಲಿಲ್ಲ. ಹಾಡು ಮುಗಿದ ಮೇಲೂ ನಾಯಕ ಸುಮ್ಮನೆ ನಡೆಯುತ್ತಿರುತ್ತಾನೆ. ‘ಆಡೇ ಇಲ್ವಲ್ಲ, ಇನ್ಯಾಕ್ ನಡೀತಾವ್ನೆ?’ ಎಂದು ಮನೆಮಂದಿಯೆಲ್ಲ ಕೇಳಿದರು. ಇರಲಿ ಬಿಡಿ ಅಂದ. ನನಗೆ ಅದು ಹಿಡಿಸಿತು. ಹತ್ತು ಜನ ಹೇಳಿದ್ದಕ್ಕೆಲ್ಲ ಕತ್ತರಿ ಹಾಕುತ್ತ ಹೋದರೆ ಕಡೆಗೆ ಉಳಿಯುವುದು ಕೃತಜ್ಞತೆಯ ಹೆಸರುಪಟ್ಟಿ ಒಂದೇ. ಅದಕ್ಕೂ ಅವನ ಚಿಕ್ಕಪ್ಪನ ತಕರಾರು ಇದ್ದೇ ಇತ್ತು: ಡ್ರೋನಿಗೆ ದುಡ್ಡು ಕೊಟ್ಟವನ ಹೆಸರು ಅಷ್ಟು ಸಣ್ಣ ಅಕ್ಷರದಲ್ಲಿ ಬರುವುದೇ?