ಮೋಡಿ ಕಾಗದ, ಕನ್ನಡ ನಾಲಿಗೆ

ಮುಧೋಳದಿಂದ ತಿಮ್ಮಾಪುರಕ್ಕೆ ಹೊರಟ ನಮ್ಮ ಬಸ್ಸಿನ ಮುಂದೆ ಸಾಲು ಸಾಲು ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಡ್ರೈವರನ ಪಕ್ಕದಲ್ಲಿ ಕಿವಿಗಡಚಿಕ್ಕುವ ಟೇಪು. ಒಂದು ಕನ್ನಡ ಹಾಡು ಮುಗಿದರೆ ಮುಂದಿನದು ಮರಾಠಿ. ಸುಗ್ಗಿಯ ಹಂಗಾಮಿನಲ್ಲಿ ಈ ಸೀಮೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ. ಮಾಡಿದರೂ ರಸ್ತೆ ಬಿಡುವುದಿಲ್ಲ.

ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅದರ ವಿಳಾಸ ರನ್ನನಗರ. 949ರಲ್ಲಿ ಮುದುವೊಳಲಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ಚಕ್ರವರ್ತಿಯ ಆಸ್ಥಾನದವರೆಗೆ ನಡೆದುಹೋದವನು ಕವಿ ರನ್ನ. ‘ಗದಾಯುದ್ಧ’ ಓದದವರೂ ಇಲ್ಲಿ ದಿನಕ್ಕೊಮ್ಮೆಯಾದರೂ ಅವನ ಹೆಸರು ಹೇಳುತ್ತಾರೆ. ಕಬ್ಬಿನ ಬಿಲ್ಲಿನ ಮಾತು ಬಂದಾಗ ಹೇಗೂ ಹೇಳಲೇಬೇಕಲ್ಲ.

ಊರಾಚೆಯ ಹೊಲವೊಂದರಲ್ಲಿ ಕಟಾವು ನಡೆದಿತ್ತು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಗ್ಯಾಂಗು. ಬದುವಿನಾಚೆ ಅವರ ಗುಡಿಸಲು, ಎತ್ತು, ಮಕ್ಕಳು. ಗ್ಯಾಂಗಿನ ಮುಂದಾಳು ಮುಕಾದಮನೊಡನೆ ಹೊಲದ ಯಜಮಾನರು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಬೈದು ಮತ್ತೆ ಮರಾಠಿಯಲ್ಲಿ ಸಮಾಧಾನ ಹೇಳಿದರು. ಎಂಬತ್ತು ದಾಟಿದ ಅವರ ತಂದೆ ಬೇವಿನ ನೆರಳಲ್ಲಿ ಕುಳಿತಿದ್ದರು. ಸಂಸ್ಥಾನದ ಕಾಲ ನೆನಪಿದೆಯೇ ಎಂದೆ.

“ನಾ ಸಣ್ಣಾಂವ ಇದ್ನಿರಿ. ನಮ್ಮಜ್ಜ ಅರ್ಜಿ ಕೊಡಬೇಕಂದ್ರ ಬರಿಯೋರ ಹತ್ರ ಹೋಗ್ತಿದ್ದ. ಅವರು ಮೋಡಿಯೊಳಗ ಬರದು ಕೊಡ್ತಿದ್ರು. ಅದರಾಗ ಏನೈತಿ ಅಂತ ಅಜ್ಜಗ ತಿಳೀತಿದ್ದಿಲ್ಲ. ಹೆಬ್ಬಟ್ಟ ಒತ್ತಿ ಬರ್ತಿದ್ದ.”

“ಸಿಟ್ಟು ಬರ್ತಿರಲಿಲ್ಲವಾ ಅಜ್ಜಾರ?”

“ಸಿಟ್ಟು ಬಂದು ಏನ್ ಮಾಡೂದ್ರಿ? ಮಳಿ ಕನ್ನಡದಾಗ ಬರ್ತಿತ್ತಲ್ಲ, ಅಷ್ಟ ಸಾಕಿತ್ತು.”

ಆ ಮಾತಿನ ಹಿಂದೆ ಒಂದು ಇಡೀ ಭೂಪಟವಿದೆ. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು, ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಒಂದಕ್ಕೊಂದು ಅಂಟಿಕೊಂಡ ನೇಕಾರರ ಊರುಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ. ಮಗ್ಗದ ಸದ್ದು ಒಂದೇ, ಕಂದಾಯ ಕಟ್ಟುವ ಕಚೇರಿ ಬೇರೆ ಬೇರೆ. ಸಂಸ್ಥಾನಗಳ ದಫ್ತರದ ಭಾಷೆ ಮರಾಠಿ, ಅದನ್ನು ಬರೆಯುತ್ತಿದ್ದ ಲಿಪಿ ಮೋಡಿ. ಹೊಲ, ಮಗ್ಗ, ಜಾತ್ರೆಯ ಭಾಷೆ ಕನ್ನಡ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು, 1956ರ ನವೆಂಬರ್ 1ರಂದು ಈ ನೆಲವೆಲ್ಲ ಮೈಸೂರು ರಾಜ್ಯಕ್ಕೆ ಬಂತು.

ಇಂಥದೇ ಕಥೆಯನ್ನು ನಾನು ಓದಿದ್ದು ಬೆಲಾರೂಸಿನ ಬಗ್ಗೆ. ಲಿಥುವೇನಿಯಾದ ಮಹಾಸಂಸ್ಥಾನ 1588ರಲ್ಲಿ ತನ್ನ ಕಾನೂನು ಸಂಹಿತೆಯನ್ನು ಹೊರಡಿಸಿದ್ದು ಬೆಲಾರೂಸಿನವರು ತಮ್ಮ ಹಳೆಯ ನುಡಿಯೆಂದು ಹೇಳಿಕೊಳ್ಳುವ ಭಾಷೆಯಲ್ಲಿ. 1696ರಲ್ಲಿ ಅದರ ಜಾಗಕ್ಕೆ ಪೋಲಿಷ್ ಬಂತು; ಮುಂದಿನ ಶತಮಾನದ ಕೊನೆಗೆ ರಷ್ಯನ್ನರ ಆಳ್ವಿಕೆ. ಭಾಷೆ ಹಳ್ಳಿಗೆ ಸರಿಯಿತು. ಪಟ್ಟಣಕ್ಕೆ ಹೋಗಿ ನೌಕರಿ ಹಿಡಿದ ರೈತನ ಮಗ ಅದನ್ನು ಹಳ್ಳಿಯಲ್ಲೇ ಬಿಟ್ಟುಹೋದ. 1995ರ ಜನಮತಗಣನೆಯ ನಂತರ ರಷ್ಯನ್ನಿಗೂ ಸಮಾನ ಸ್ಥಾನ ಸಿಕ್ಕಿತು. ಮಿನ್ಸ್ಕ್ ನಗರದ ಬೀದಿಯಲ್ಲಿ ಇಂದು ಹೆಚ್ಚು ಕೇಳುವುದು ರಷ್ಯನ್ನೇ.

ಹಳ್ಳಿಯ ನಾಲಿಗೆಯೊಂದೇ ಭಾಷೆಯನ್ನು ಕಾಯುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ. ಬೆಲಾರೂಸ್ ಅದನ್ನು ನಂಬಗೊಡುವುದಿಲ್ಲ. ಈ ಸೀಮೆಯಲ್ಲಿ ನಾಲಿಗೆಯ ಜೊತೆಗೆ ಶಾಲೆಯೂ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಕ್ಷರ ಕಲಿತ ರೈತನ ಮಗನಿಗೆ ಕನ್ನಡ ಬಿಡಬೇಕಾಗಿ ಬರಲಿಲ್ಲ.

ಕಾಗದ ಒಂದು ಹೇಳಿದರೆ ನಾಲಿಗೆ ಇನ್ನೊಂದು ಹೇಳಿದ ಊರು ಹಲಗಲಿ; ಮರುದಿನ ಅಲ್ಲಿಗೆ ಹೋದೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಕಾಯ್ದೆಯನ್ನು ಇಲ್ಲಿನ ಬೇಡರು ಧಿಕ್ಕರಿಸಿದರು. ಇಂಗ್ಲಿಷ್ ದಂಡು ಊರಿಗೆ ಬೆಂಕಿಯಿಟ್ಟಿತು. 19 ಮಂದಿಗೆ ಗಲ್ಲಾಯಿತು. ಅವರ ಕಥೆ ಲಾವಣಿಯಾಗಿ ಊರೂರು ಸುತ್ತಿತು. ಅದನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಇಂಗ್ಲಿಷ್ ಅಧಿಕಾರಿಯೇ ಆದ ಜಾನ್ ಫ್ಲೀಟ್. ಸರಕಾರಿ ಕಡತ ದಂಗೆಕೋರರೆಂದು ಬರೆದವರನ್ನು ಡಪ್ಪು ಹಿಡಿದವರು ವೀರರೆಂದು ಹಾಡಿದರು. ಊರಿನ ಹುಡುಗರು ಆ ದಂಗೆಯ ಮುಂದಾಳುಗಳಾದ ಜಡಗ, ಬಾಲರ ಹೆಸರನ್ನು ತಮ್ಮ ಸೋದರಮಾವಂದಿರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ.

ಜಮಖಂಡಿಯಲ್ಲಿ ಕೊನೆಯ ದಿನ. ಮರಾಠಿ ಮೇಲೆ, ಕನ್ನಡ ಕೆಳಗೆ ಎಂಬ ನನ್ನ ಸರಳ ಲೆಕ್ಕ ಕೆಟ್ಟದ್ದು ಇಲ್ಲಿ. ತತ್ವಜ್ಞಾನಿ ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ, ಓದಿದ್ದು ಇಲ್ಲಿಯ ಪರಶುರಾಮಭಾವೂ ಹೈಸ್ಕೂಲಿನಲ್ಲಿ. ಮನೆಮಾತು ಮರಾಠಿ. ಮಹಾರಾಷ್ಟ್ರದ ಸಂತರ ಬಗ್ಗೆ ಪುಸ್ತಕ ಬರೆದ ಅದೇ ಕೈ ಕನ್ನಡದ ಶರಣರು, ದಾಸರ ಅನುಭಾವದ ಬಗ್ಗೆಯೂ ಗ್ರಂಥ ಬರೆಯಿತು. ದಫ್ತರದಲ್ಲಿ ಮರಾಠಿ ಮೇಲೆ ಕೂತಿತ್ತು ನಿಜ. ಭಜನೆಯ ಮನೆಯಲ್ಲಿ ಎರಡೂ ಒಂದೇ ಜಮಖಾನೆಯ ಮೇಲೆ ಕೂತಿದ್ದವು.

ಹಾಗಾಗಿ ಈ ಸೀಮೆಯ ಕನ್ನಡತನವನ್ನು ಮರಾಠಿಯನ್ನು ಕಳೆದು ಉಳಿದ ಶೇಷವೆಂದು ಲೆಕ್ಕ ಹಾಕಲಾಗದು. ಅರ್ಜಿ ತನ್ನ ನುಡಿಯಲ್ಲಿ ಬರೆಯುವ ಹಕ್ಕು ಸಿಕ್ಕಮೇಲೆ ನೆರೆಯ ನುಡಿಯಲ್ಲಿ ಹಾಡು ಕೇಳುವುದು ಇವರಿಗೆ ಸೋಲೆನಿಸುವುದಿಲ್ಲ. ಆದರೆ ಕ್ರಮ ಅದೇ ಇರಬೇಕು: ಹಕ್ಕು ಮೊದಲು, ಔದಾರ್ಯ ಆಮೇಲೆ. ಇನ್ನೊಬ್ಬರು ಬರೆದುಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನಿಂದ ಯಾರೂ ಔದಾರ್ಯ ಕೇಳಬಾರದು.